ಎಲ್ಲರೂ ಅಂಬಣ್ಣ

ವಾಡಿ ಹತ್ತಿರ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಒಂದು ಯಾರ್ಡಿನಲ್ಲಿ, ಕಲ್ಲು ತುಂಬಿಸಿಕೊಳ್ಳಲು ಬರುವ ಲಾರಿಗಳ ಪಾಳಿಯನ್ನು ಕಂಪ್ಯೂಟರಿಗೆ ತರುವ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ಡ್ರೈವರುಗಳು ಗೇಟಿನ ಬಳಿ ಸಾಲಾಗಿ ಒಂದೊಂದು ಪರ್ಸಿ ಚೂರು ಇಟ್ಟು ಚಹಾಕ್ಕೆ ಹೋಗುತ್ತಿದ್ದರು. ಚೂರು ಇದ್ದ ಜಾಗವೇ ಪಾಳಿ. ನನ್ನ ಪ್ರೋಗ್ರಾಮಿನಲ್ಲಿ ಡ್ರೈವರನ ಹೆಸರು ಕೀ, ಅಂದರೆ ಹುಡುಕುವ ಗುರುತು; ಅದರೆದುರು ಬರೆದಿಡುವ ಲಾರಿ ನಂಬರ್ ವ್ಯಾಲ್ಯೂ. ಯಾವಾಗ ಸೇರಿಸಿದರೂ ಜೋಡಿಗಳು ಅಕ್ಷರಕ್ರಮದಲ್ಲೇ ಹೋಗಿ ಕೂರುತ್ತಿದ್ದವು.

ಮೊದಲ ದಿನವೇ, ನಸುಕಿನಲ್ಲಿ ಬಂದಿದ್ದ ಡ್ರೈವರ್ ಹಣಮಂತ ಪರದೆಯ ತಳದಲ್ಲಿದ್ದ. ಹೊತ್ತೇರಿದ ಮೇಲೆ ಬಂದ ಅಂಬಣ್ಣ ಎಲ್ಲರಿಗಿಂತ ಮೇಲಿದ್ದ.

"ನಾ ಬಂದಾಗ ಇಲ್ಲಿ ನಾಯಿ ಸುದ್ದಾ ಎದ್ದಿದ್ದಿಲ್ರಿ ಸರ್. ಅಂವ ಹ್ಯಾಂಗ್ ಮುಂದ?" ಎಂದ ಹಣಮಂತ.

"ಅವರ ಹೆಸರು 'ಅ'ದಿಂದ ಶುರು ಆಗ್ತದರಿ," ಎಂದೆ.

ಮರುದಿನ ಬಂದವರೆಲ್ಲ ತಮ್ಮ ಹೆಸರು ಅಂಬಣ್ಣ ಎಂದರು. ಹೇಳಿದಂತೆ ಸೇರಿಸಿದೆ. ಒಂದು ಕೀಗೆ ಒಂದೇ ವ್ಯಾಲ್ಯೂ; ಹೊಸ ಅಂಬಣ್ಣ ಬಂದಾಗಲೆಲ್ಲ ಹಳೆಯವನ ಲಾರಿ ಅಳಿಸಿಹೋಯಿತು. ಕೊನೆಗೆ ಉಳಿದದ್ದು ಒಂದೇ ಲಾರಿ, ಎಲ್ಲರಿಗಿಂತ ತಡವಾಗಿ ಬಂದವನದು.

ಗದ್ದಲ ಇಳಿದ ಮೇಲೆ, ಬಂದ ಹೊತ್ತನ್ನೇ ಕೀ ಮಾಡಿ ಹಣಮಂತನಿಗೆ ತೋರಿಸಿದೆ.

"ಈಗ ಭಾಳ ಚಲೋ ಆತ್ ನೋಡ್ರಿ," ಎಂದ. ಆಮೇಲೆ ಹೊರಗೆ ಹೋಗಿ, ಸಾಲಿನಲ್ಲಿ ತನ್ನ ಚೂರು ಇಟ್ಟಲ್ಲೇ ಇದೆಯೇ ಎಂದು ನೋಡಿಕೊಂಡ.