ಪಾವು ಕೂಸು

ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆ. ಹಾಗಾಗಿ ಮಗಳು ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆತ್ತ ಹೆಣ್ಣುಕೂಸು ತೀರಾ ಸಣ್ಣದು ಎಂದಾಗ, ನೋಡಲು ಬಂದವರೆಲ್ಲ ಮೊದಲು ನನ್ನ ಅಡುಗೆಮನೆಯ ಮೇಲೆಯೇ ಅನುಮಾನಪಟ್ಟರು. ತಿಂಗಳು ತುಂಬಿ ಹುಟ್ಟಿದೆ, ಚೆನ್ನಾಗಿ ಹಾಲು ಕುಡಿಯುತ್ತದೆ, ಹೆದರಬೇಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ನನಗೆ ಅಷ್ಟು ಸಾಕಿತ್ತು. ಮಗಳಿಗೆ ಸಾಲಲಿಲ್ಲ. ತಾನೇ ಸರಿಯಾಗಿ ಉಣ್ಣಲಿಲ್ಲವೇನೋ ಎಂದು ಕೂಸಿನ ತೋಳು ಮುಟ್ಟಿಮುಟ್ಟಿ ಅಳುತ್ತಿದ್ದಳು.

ಅಂಥ ಹೊತ್ತಿಗೆ ದೋಣಿಮಲೈ ಗಣಿಯ ಕ್ವಾರ್ಟರ್ಸಿನಿಂದ ಬೀಗಿತ್ತಿ ಬಂದರು, ಜೊತೆಗೆ ಅಳಿಯ, ಬಾಣಂತಿಗೆಂದು ಒಂದು ಡಬ್ಬಿ ಅಂಟಿನುಂಡೆ. ತೊಟ್ಟಿಲಿಗೆ ಬಗ್ಗಿ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟರು.

"ಅಕ್ಕಿ ಗಿರಣಿ ಮನ್ಯಾಗಿದ್ದು ಹುಡುಗಿ ಹೊಟ್ಟಿಗೆ ಹಾಕಿಲ್ಲೇನ್ರಿ? ಆಕಳ ಹಾಲಿಗೆ ಸಕ್ಕರಿ ಹಾಕಿ ಬಾಟ್ಲಿ ಕುಡಿಸ್ರಿ. ಜಲ್ದಿ ಮೈ ತುಂಬತೈತಿ."

ಮಗಳ ಮುಖ ಬಾಡಿತು. ನನಗೆ ಪಿತ್ತ ನೆತ್ತಿಗೇರಿತು. ಆದರೂ ಬೀಗರೆಂದು ನಾಲಿಗೆ ಬಿಗಿಹಿಡಿದು ಚಾ ಮಾಡಲು ಒಳಗೆ ಹೋದೆ. ಚಾ ತಂದಾಗ ಅವರು ಮಗನ ಕೈಗೆ ಉಂಡೆ ಕೊಡುತ್ತ, "ತಗೋಳಲೇ ಪಾವು" ಎಂದರು.

"ಪಾವು ಅಂದ್ರ?" ಎಂದೆ. ಪಾವು ಅಂದರೆ ಸೇರಿನ ಕಾಲುಭಾಗ; ಗಿರಣಿಯವಳಿಗೆ ಗೊತ್ತಿಲ್ಲದ್ದೇನಲ್ಲ.

"ಹುಟ್ಟಿದಾಗ ಇವ ಪಾವಿನಷ್ಟs ಇದ್ದ ನೋಡ್ರಿ. ಇವರಪ್ಪಾನೂ ಹಂಗ ಇದ್ದರಂತ..." ಎಂದವರು ಅರ್ಧಕ್ಕೇ ನಿಂತರು.

"ಹಂಗಾದ್ರ ಅಳತಿ ನಿಮ್ಮ ಮನೀದs ಆತಲ್ರಿ!" ಎಂದೆ.

ಎಷ್ಟೋ ದಿನಗಳ ಮೇಲೆ ಮಗಳು ನಕ್ಕಳು. ನನಗೆ ಗೆದ್ದ ಖುಷಿ. ಆ ಗೆಲುವಿಗೆ ಡಾಕ್ಟರಮ್ಮನ ಬಾಯಿಂದಲೂ ಮುದ್ರೆ ಒತ್ತಿಸಬೇಕೆಂದು, ಕೂಸಿನ ತಪಾಸಣೆಯ ದಿನ ಬೀಗಿತ್ತಿಯನ್ನೂ ಅಳಿಯನನ್ನೂ ಹೊಸಪೇಟೆಗೆ ಹೊರಡಿಸಿದೆ.

ಪಾವಿನ ಕಥೆ ಕೇಳಿ ಡಾಕ್ಟರಮ್ಮ ನಗಲಿಲ್ಲ. ಅಳಿಯನ ಅಪ್ಪ ಈಗಿಲ್ಲವೆಂದು ತಿಳಿದು, ಏನಾಗಿ ತೀರಿಕೊಂಡರು ಎಂದು ಕೇಳಿದರು. "ಶುಗರ್ ಇತ್ರಿ. ಭಾಳ ವರ್ಷ ಗೊತ್ತs ಆಗಲಿಲ್ಲ" ಎಂದರು ಬೀಗಿತ್ತಿ, ಸಣ್ಣ ದನಿಯಲ್ಲಿ. ಮುಂದೆ ಸಕ್ಕರೆ ಕಾಯಿಲೆ ತರುವ ವಂಶದ ಗುಣವೇ ಕೆಲವೊಮ್ಮೆ ಕೂಸನ್ನು ಸಣ್ಣದಾಗಿ ಹುಟ್ಟಿಸುತ್ತದೆ, ಅದು ಅಪ್ಪನ ಕಡೆಯಿಂದಲೂ ಬರಬಹುದು ಎಂದು ಡಾಕ್ಟರಮ್ಮ ವಿವರಿಸಿದರು. ತಾಯಿಯ ತಪ್ಪೇನಿಲ್ಲ, ಕೂಸಿಗೆ ತಾಯಿಹಾಲೇ ಸಾಕು, ಬಾಟ್ಲಿ ಬೇಡ. ಆದರೆ ಅಪ್ಪನ ರಕ್ತ ಇವತ್ತೇ ನೋಡೋಣ ಎಂದರು.

ಅಳಿಯನಿಗೆ ಶುಗರ್ ಇತ್ತು. ಈಗಷ್ಟೇ ಶುರುವಾಗಿದೆ, ಹಿಡಿತಕ್ಕೆ ಬರುತ್ತದೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ನನಗೂ ಆ ಧೈರ್ಯವಿದೆ. ಹುಡುಗ ಮಾತು ಕೇಳುವವನು.

ಬೀಗಿತ್ತಿ ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟರು. ಕೂಸನ್ನು ಅವರ ಮಡಿಲಿಗೆ ಹಾಕಿದೆ. ಅದರ ಕಡ್ಡಿಯಂಥ ಕಾಲುಗಳನ್ನು ಕಣ್ಣಿಗೊತ್ತಿಕೊಂಡು, "ಹಿಂಗs ಇರವ್ವ, ಹಿಂಗs ಇರು. ನಿಮ್ಮಪ್ಪನ ಶುಗರ್ ನೀನs ತೋರಿಸಿಕೊಟ್ಟಿ. ನಿಮ್ಮಜ್ಜನ ಹೊತ್ತಿಗೆ ಹಿಂಗ ಹೇಳೋರು ಯಾರೂ ಇರಲಿಲ್ಲ" ಎಂದು ಅತ್ತರು.