ಆಂಟಿ ಮಾಡಿದ ಮೊದಲ ಫೋನು

ಮಗಳ ಕಪ್ಪು ಸ್ಕೂಲ್ ಶೂಗಳಿಗೆಂದು ಬೆಳಿಗ್ಗೆ ಪಾಲಿಶ್ ಡಬ್ಬಿ ತೆರೆದೆ. ಆ ವಾಸನೆಗೆ ಬ್ರಿಸ್ಬೇನಿನ ಪಕ್ಕದ ಮನೆಯ ಆಂಟಿ ನೆನಪಾದರು...

ಆಗ ನಾವು ಅಲ್ಲಿನ ಫಾರೆಸ್ಟ್ ಲೇಕ್‌ನಲ್ಲಿದ್ದೆವು. ಆಂಟಿ ಮೈಸೂರಿನಿಂದ ಡಾಕ್ಟರ್ ಮಗಳ ಮನೆಗೆ ಬಂದಿದ್ದರು. ಅವರ ಮಗ ಸೈನ್ಯದಲ್ಲಿದ್ದ. "ಸ್ವಲ್ಪ ದಿನ ಫೋನ್ ಇರಲ್ಲಮ್ಮ" ಎಂದಿದ್ದನಂತೆ. ಅದಾದ ಮೇಲೆಯೇ ನಮ್ಮ ಸೇನೆ ಗಡಿ ದಾಟಿ ಉಗ್ರರ ಶಿಬಿರಗಳ ಮೇಲೆ ಬಿದ್ದ ಸುದ್ದಿ ಬಂತು. ಮಗ ಅಲ್ಲೇ ಇದ್ದಾನೆಂದು ಆಂಟಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ನಾವೆಲ್ಲ ಸೋಫಾದ ಮೇಲೆ ಕೂತು ವಾಟ್ಸಾಪಿನಲ್ಲಿ ಸೇನಾಪತಿಗಳಾಗಿದ್ದೆವು. ಆಂಟಿ ಟಿವಿ ಆರಿಸಿ ನಮ್ಮ ಬಾಗಿಲಿಗೆ ಬಂದರು. "ಮಗು ಶೂ ಕೊಡಮ್ಮ, ಪಾಲಿಶ್ ಹಾಕ್ತೀನಿ. ಕೈ ಸುಮ್ನಿದ್ರೆ ತಲೆ ಕೆಟ್ಟೋಗುತ್ತೆ." ಅವರ ಗಂಡನೂ ಸೈನಿಕರೇ, ಹಾಗಾಗಿ ಅದು ಪಳಗಿದ ಕೆಲಸ. ಬೀದಿಯ ಮಕ್ಕಳ ಶೂಗಳೆಲ್ಲ ಅವರ ಮನೆ ಸೇರಿದವು. "ಅಜ್ಜಿ, ಐ ಕ್ಯಾನ್ ಸೀ ಮೈ ಫೇಸ್!" ಎಂದು ನನ್ನ ಮಗಳು ಕುಣಿದಳು. ಆಂಟಿ ನಕ್ಕರು, ಕಣ್ಣು ಮಾತ್ರ ಫೋನಿನ ಮೇಲಿತ್ತು.

ಕೆಲವೇ ದಿನಗಳಲ್ಲಿ ಕಾರ್ಯಾಚರಣೆ ಮುಗಿಯಿತು. ಮಗ ಫೋನ್ ಮಾಡಿದನೆಂದು ಕೇಳಿದ್ದೇ ತಡ, ಪೇಡ ಹಿಡಿದು ಓಡಿದೆ. "ಆಂಟಿ, ಈ ಅರ್ವೋ, ಮಧ್ಯಾಹ್ನದ ಮೇಲೆ, ಕೆರೆ ಹತ್ರ ಬಾರ್ಬಿ ಮಾಡ್ತಿದೀವಿ, ಬಾರ್ಬೆಕ್ಯೂ ಊಟ. ನೀವೇ ಚೀಫ್ ಗೆಸ್ಟ್!"

ಆಂಟಿ ಪೇಡದ ಡಬ್ಬಿಯನ್ನು ಪಕ್ಕಕ್ಕಿಟ್ಟರು. "ಇವನು ಬಂದ. ಇವನ ಜೊತೆಗಿದ್ದ ಬೆಳಗಾವಿ ಹುಡುಗ ಬರ್ಲಿಲ್ಲ. ನಿನ್ನೆ ಊರಲ್ಲಿ ಮಣ್ಣು ಮಾಡಿದ್ರಂತೆ. ಮೊದ್ಲು ಅವನ ತಾಯಿ ಹತ್ರ ಮಾತಾಡ್ಬೇಕು. ನನ್ ಮಗ ಉಳಿದ ಅನ್ನೋದು ಆಕೆಗೆ ಬೇರೆಯೋರ ಬಾಯಿಂದ ಗೊತ್ತಾಗ್ಬಾರ್ದು."

ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಶಾಪ ಹಾಕಿದರೂ ಕೇಳಿಸಿಕೊಳ್ಳಲು ಸಿದ್ಧರಾಗಿದ್ದರೇನೋ... ತಾನು ಯಾರ ತಾಯಿ, ತನ್ನ ಮಗ ಉಳಿದು ಬಂದ ಎಂಬುದನ್ನು ಹೇಳಿದರು. ಆಮೇಲೆ ಆ ತಾಯಿಯ ದನಿ ಬಂತು: "ನಿಮ್ಮ ಮಗಾ ಬಂದಾನಲ್ರೀ, ಛಲೋ ಆತು. ಇಬ್ರೂ ಹೋಗಿದ್ರ ನಾವು ಯಾರ ಮಾರಿ ನೋಡ್ಬೇಕಿತ್ರೀ?"

ಆಂಟಿ ಬಿಕ್ಕಿ ಬಿಕ್ಕಿ ಅತ್ತರು, ನಾನೂ ಅತ್ತೆ. ನನ್ನ ನಾಡಿನ ಬಗ್ಗೆ ಅಂಥ ಹೆಮ್ಮೆ ಯಾವ ಟಿವಿ ಸುದ್ದಿ ನೋಡಿದಾಗಲೂ ನನಗೆ ಬಂದಿರಲಿಲ್ಲ. ಅಂದು ಬಾರ್ಬಿ ಬೇಡವೆಂದು ಎಲ್ಲರಿಗೂ ನಾನೇ ಹೇಳಿದೆ.

ಈಗ ನಾವು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿದ್ದೇವೆ. ಆಂಟಿ ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ, ಆ ನೋವು ಹಾಗೇ ಇದೆ... ಅವರ ಮಕ್ಕಳಿಬ್ಬರೂ ತಲುಪುವ ಮೊದಲೇ ಬೆಳಗಾವಿಯ ತಾಯಿ ರಾತ್ರಿ ಬಸ್ಸು ಹಿಡಿದು ಬಂದಿದ್ದರಂತೆ. ಆಂಟಿಗೆ ಕೊನೆಯ ಸ್ನಾನ ಮಾಡಿಸಿ ಸೀರೆ ಉಡಿಸಿದವರು ಅವರೇ. ಸಮವಸ್ತ್ರದಲ್ಲೇ ಓಡಿಬಂದ ಮಗನನ್ನು ಬಾಗಿಲಲ್ಲಿ "ಬಂದ್ಯಾ, ನನ್ನಪ್ಪಾ" ಎಂದು ತಬ್ಬಿಕೊಂಡವರೂ ಅವರೇ.