ತಿಮಿಂಗಿಲದ ಮ್ಯೂಸಿಯಮ್ಮಿನಲ್ಲಿ ಅಮ್ಮನ ತಿಥಿ

ಡೆಟ್ರಾಯಿಟ್ ಹತ್ತಿರದ ನೋವೈಯ ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ದೇವಸ್ಥಾನದ ಕ್ಯಾಲೆಂಡರ್ ಅಂಟಿಸಿರುತ್ತಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದ ಮೇಲೆ ಆ ದಿನದ ಚೌಕಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುವುದು ರೂಢಿ. ಕೆಲಸಕ್ಕೆ ಹೋಗುವವರಿಗೆ ವಾರ ತಾನಾಗಿ ನೆನಪಿರುತ್ತದೆ. ಮನೆಯಲ್ಲಿರುವ ನನಗೆ ಆ ಗೆರೆಯೇ ಗತಿ.

ಒಂದು ಬೇಸಿಗೆಯಲ್ಲಿ ನನ್ನ ಯಜಮಾನರನ್ನು ಅವರ ಕಂಪನಿ ಎರಡು ವಾರದ ಮಟ್ಟಿಗೆ ಜಪಾನಿನ ಕಾರ್ಖಾನೆಯೊಂದಕ್ಕೆ ಕಳುಹಿಸಿತು. ಅವರದು ಕಾರಿನ ಬಿಡಿಭಾಗಗಳ ಕೆಲಸ. ಹನ್ನೊಂದು ವರ್ಷದ ಮಗಳಿಗೆ ಸ್ಕೂಲ್ ರಜ ಇತ್ತು, ನಾವಿಬ್ಬರೂ ಜೊತೆಗೆ ಹೊರಟೆವು. ಸೂಟ್‌ಕೇಸಿನಲ್ಲಿ ಅಕ್ಕಿ, ತೊಗರಿಬೇಳೆ, ಪುಳಿಯೋಗರೆ ಗೊಜ್ಜು, ರೈಸ್ ಕುಕ್ಕರ್ ತುಂಬಿ, ನಡುವೆ ಸುಕ್ಕಾಗದಂತೆ ಕ್ಯಾಲೆಂಡರನ್ನೂ ಇಟ್ಟೆ. ಅದಕ್ಕೆ ಕಾರಣವಿತ್ತು. ಅಲ್ಲಿಗೆ ಹೋದ ವಾರದಲ್ಲೇ, ಗುರುವಾರ, ನನ್ನ ಅಮ್ಮನ ತಿಥಿ.

ಶ್ರಾದ್ಧವನ್ನು ಮೈಸೂರಿನಲ್ಲಿ ಅಣ್ಣ ಮಾಡುತ್ತಾನೆ. ಮದುವೆಯಾಗಿ ಬಂದ ಮಗಳಿಗೆ ಅದರಲ್ಲಿ ಕೆಲಸವಿಲ್ಲ. ಅಮ್ಮ ಇದನ್ನು ಮೊದಲೇ ಯೋಚಿಸಿದ್ದಳು. "ಪಿಂಡ ಅವನು ಇಡ್ತಾನೆ ಬಿಡು. ನೀನು ನನ್ನ ದಿನ, ನಿನಗಿಂತ ದೊಡ್ಡೋಳು ಒಬ್ಬಳಿಗೆ ಹೊತ್ತು ಮುಳುಗೋಕ್ ಮುಂಚೆ ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ನೀನು ಉಣ್ಣು. ಅಷ್ಟು ಸಾಕು ಕಣೆ" ಎಂದಿದ್ದಳು. ನಾನು ಹೂಂ ಎಂದಿದ್ದೆ. ನಾಲ್ಕು ವರ್ಷ ತಪ್ಪಿಸಿರಲಿಲ್ಲ. ನೋವೈ ಪಕ್ಕದ ಊರಾದ ಕ್ಯಾಂಟನ್ನಿನಿಂದ ಪರಿಚಯದ ಆಂಟಿಯೊಬ್ಬರು ಡ್ರೈವ್ ಮಾಡಿಕೊಂಡು ಬಂದು ಉಂಡು ಹೋಗುತ್ತಿದ್ದರು. ಈ ಸಲ ಹೊರಡುವ ಮೊದಲು ದೇವಸ್ಥಾನದ ಅರ್ಚಕರನ್ನು ವಿಚಾರಿಸಿದೆ. ಅವರು ಪಂಚಾಂಗ ನೋಡಿ, "ಜಪಾನಿಗೂ ಗುರುವಾರಾನೇ ಬರತ್ತಮ್ಮ, ನಿಶ್ಚಿಂತೆಯಾಗಿ ಹೋಗಿಬನ್ನಿ" ಎಂದರು.

ಡೆಟ್ರಾಯಿಟ್‌ನಲ್ಲಿ ವಿಮಾನ ಹತ್ತಿದ್ದು ಶನಿವಾರ ಮಧ್ಯಾಹ್ನ. ನಾವು ದಿನವನ್ನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವವರು. ಆ ಪ್ರಯಾಣದಲ್ಲಿ ಸೂರ್ಯ ಮುಳುಗಲೇ ಇಲ್ಲ. ಕಿಟಕಿಯ ಮುಚ್ಚಳ ಎತ್ತಿದಾಗಲೆಲ್ಲ ಬಿಸಿಲು, ಇಳಿದಾಗಲೂ ಬಿಸಿಲು. ಕಂಪನಿ ಕೊಟ್ಟಿದ್ದ ಅಪಾರ್ಟ್‌ಮೆಂಟ್ ಸೇರಿ, ಮಲಗಿ ಎದ್ದು, ಸ್ನಾನ ಮಾಡಿ, ಭಾನುವಾರದ ಚೌಕಕ್ಕೆ ಗೆರೆ ಎಳೆದೆ. ಅಷ್ಟರಲ್ಲಿ ಯಜಮಾನರು ಕಾರ್ಖಾನೆಗೆ ಹೊರಟು ನಿಂತಿದ್ದರು. ಜಪಾನಿನವರು ಹಗಲಿರುಳೂ ದುಡಿಯುತ್ತಾರೆಂದು ಕೇಳಿದ್ದೆ. ಭಾನುವಾರವನ್ನೂ ಬಿಡುವುದಿಲ್ಲವಲ್ಲ ಎಂದುಕೊಂಡೆ.

ಮೂರು ದಿನದ ಕೆಲಸ ಮುಗಿಸಿ ನಾಲ್ಕನೆಯ ದಿನ ಅವರು ನಮ್ಮನ್ನು ಸಮುದ್ರದಂಚಿನ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದರು. ತಲೆಮಾರುಗಳಿಂದ ತಿಮಿಂಗಿಲ ಬೇಟೆಯಿಂದಲೇ ಬದುಕಿದ ಊರಂತೆ. ಅಲ್ಲಿನ ತಿಮಿಂಗಿಲದ ಮ್ಯೂಸಿಯಮ್ ನೋಡಬೇಕೆಂಬುದು ಮಗಳ ಹಟ. ನನ್ನ ಲೆಕ್ಕಕ್ಕೆ ಅದು ಬುಧವಾರ. ರಾತ್ರಿಗೆ ಹಿಂತಿರುಗಿ, ಮಾರನೆಯ ದಿನ ಪಾಯಸ ಮಾಡಿ, ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವ ಅಜ್ಜಿಯನ್ನು ಊಟಕ್ಕೆ ಕೂರಿಸುವುದೆಂದು ಎಣಿಸಿದ್ದೆ. ದಾರಿಗೆಂದು ಪುಳಿಯೋಗರೆ ಕಲಸಿ ಫಾಯಿಲಿನಲ್ಲಿ ಮೂರು ಪೊಟ್ಟಣ ಕಟ್ಟಿದೆ. ಸ್ಟೇಷನ್ನಿನಲ್ಲಿ ಅಪ್ಪ ಮಗಳು ಬನ್ ತಿಂದರು. ಯಾವುದರಲ್ಲಿ ಮೀನಿದೆ, ಯಾವುದರಲ್ಲಿ ಮೊಟ್ಟೆಯಿದೆ ಎಂದು ತಿಳಿಯದೆ ನಾನು ಮಶೀನಿನಿಂದ ಬಿದ್ದ ಡಬ್ಬಿ ಕಾಫಿಯಷ್ಟೇ ಕುಡಿದೆ. ಪುಳಿಯೋಗರೆ ಮಧ್ಯಾಹ್ನಕ್ಕಿರಲೆಂದು ಮುಟ್ಟದೆ, ರೈಲಿನಲ್ಲಿ ಹಸಿವು ಹಸಿವು ಎಂದು ಗೊಣಗಿದೆ.

ಮ್ಯೂಸಿಯಮ್ಮಿನೊಳಗೆ ಕಾಲಿಟ್ಟರೆ ತಲೆಯ ಮೇಲೆ ಇಡೀ ಅಸ್ಥಿಪಂಜರ. ಛಾವಣಿಯ ಈ ತುದಿಯಿಂದ ಆ ತುದಿಗೆ ತೂಗುಹಾಕಿದ್ದರು. ಕೆಳಗೆ ಈಟಿಗಳು, ಬಣ್ಣ ಬಳಿದ ದೋಣಿಗಳು, ಗಾಜಿನ ಜಾಡಿಗಳಲ್ಲಿ ಕಣ್ಣು, ಕರುಳು, ಹುಟ್ಟದೇ ಹೋದ ಒಂದು ಮರಿ. ಮರಿಯ ಮುಂದೆ ನಾನು ನಿಲ್ಲಲಿಲ್ಲ.

"ನಮ್ಮ ಗ್ಯಾರೇಜಲ್ಲಿ ಇದರ ತಲೆಯೂ ಹಿಡಿಸಲ್ಲ ಕಣೆ" ಎಂದರು ಯಜಮಾನರು.

"ಸತ್ತಿದ್ದನ್ನ ನೋಡಕ್ಕೆ ಇಷ್ಟು ದೂರ ಬಂದ್ವಲ್ರೀ. ಮನೆಗೆ ಹೋಗಿ ಸ್ನಾನ ಮಾಡ್ಬೇಕು."

"ಮಾಡು. ಹಂಗೇ ಅದಕ್ಕೂ ಒಂದು ತಿಥಿ ಮಾಡ್ಬಿಡು, ಪಾಪ."

ಮಗಳು ಮುಂದಿನ ಗಾಜಿನ ಪೆಟ್ಟಿಗೆಯ ಹತ್ತಿರ ನಿಂತು, "ಯಕ್, ಇಟ್ಸ್ ಇಯರ್ ವ್ಯಾಕ್ಸ್!" ಎಂದು ಕೂಗಿದಳು. ಕೊಂಬಿನಷ್ಟು ಉದ್ದದ, ಹಳದಿ ಬಣ್ಣದ ಗುಗ್ಗೆ. ತಿಮಿಂಗಿಲದ ಕಿವಿಯಲ್ಲಿ ಅದು ಪದರ ಪದರವಾಗಿ ಕೂಡುತ್ತದಂತೆ. ಅಡ್ಡ ಕೊಯ್ದು ಪದರ ಎಣಿಸಿದರೆ ಅದರ ವಯಸ್ಸು ತಿಳಿಯುತ್ತದೆ ಎಂದು ಇಂಗ್ಲಿಷಿನಲ್ಲೂ ಬರೆದಿತ್ತು.

"ನಿಮ್ಮಮ್ಮನ ಕ್ಯಾಲೆಂಡರ್ ಥರ" ಎಂದು ಯಜಮಾನರು ಮಗಳಿಗೆ ಹೇಳಿದರು.

"ನನ್ನ ಕ್ಯಾಲೆಂಡರ್ ಸುದ್ದಿಗೆ ಬರಬೇಡಿ. ಬೇಗ ಹೊರಡೋಣ. ನಾಳೆ ಗುರುವಾರ, ನನಗೆ ಅಡುಗೆ ಇದೆ."

"ಮಾಮ್, ಟುಡೇ ಈಸ್ ಥರ್ಸ್‌ಡೇ" ಎಂದಳು ಮಗಳು.

"ಬುಧವಾರ ಕಣೆ ಪುಟ್ಟಿ. ಬೆಳಿಗ್ಗೆ ಗೆರೆ ಎಳೆದು ಬಂದಿದೀನಿ."

"ನೋ, ವಿ ಲಾಸ್ಟ್ ಎ ಡೇ ಆನ್ ದ ಪ್ಲೇನ್. ಡ್ಯಾಡ್, ಟೆಲ್ ಹರ್!"

ಯಜಮಾನರು ಕೈಗಡಿಯಾರ ಚಾಚಿದರು. ವಾರ ತೋರಿಸುವ ಪುಟ್ಟ ಕಿಂಡಿಯಲ್ಲಿ ಗುರುವಾರ ಎಂದೇ ಇತ್ತು.

"ಹಂಗಾದ್ರೆ ನೀವು ಮೊದಲನೇ ದಿನ ಕೆಲಸಕ್ಕೆ ಹೋಗಿದ್ದು ಭಾನುವಾರ ಅಲ್ವಾ?"

"ಸೋಮವಾರ ಕಣೆ. ಭಾನುವಾರ ಯಾವನು ಕರೀತಾನೆ?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ತಿಥಿಯ ಸಂಗತಿ ಅವರಿಗೂ ಆಗ ಹೊಳೆಯಿತು.

ಹಿಂತಿರುಗುವ ರೈಲು ಇದ್ದದ್ದೇ ಸಂಜೆಗೆ, ಅಪಾರ್ಟ್‌ಮೆಂಟ್ ಸೇರುವುದು ಹೊತ್ತು ಮುಳುಗಿದ ಮೇಲೆ. ಅಲ್ಲೇ ಒಂದು ಕಂಬಕ್ಕೊರಗಿ ನಿಂತು ಯೋಚಿಸಿದೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ. ಕಾಫಿಯನ್ನು ಅಮ್ಮ ಎಂದೂ ಊಟವೆಂದು ಎಣಿಸಿದವಳಲ್ಲ. ಗೊಣಗಿದ ಹಸಿವೇ ನನ್ನನ್ನು ಕಾಪಾಡಿತ್ತು. ಚೀಲದಲ್ಲಿದ್ದ ಪುಳಿಯೋಗರೆಗೆ ಈರುಳ್ಳಿಯಿಲ್ಲ, ಎಳ್ಳಿನ ಪುಡಿಯೂ ಬಿದ್ದಿದೆ. ಉಣ್ಣುವವಳೊಬ್ಬಳು ಸಿಗಬೇಕಿತ್ತು.

ಗುಗ್ಗೆಯ ಪೆಟ್ಟಿಗೆಯ ಗಾಜನ್ನು ಒರೆಸಲು ಒಬ್ಬ ಮುದುಕಿ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಬೆನ್ನು ಸ್ವಲ್ಪ ಬಾಗಿತ್ತು. ನಾನು ಒಂದು ಪೊಟ್ಟಣ ತೆಗೆದು ಎರಡೂ ಕೈಯಿಂದ ಚಾಚಿದೆ. ಮಗಳು ಬಾಯಿಗೆ ಕೈ ಒಯ್ದು ತಿನ್ನುವಂತೆ ಅಭಿನಯಿಸಿದಳು. ಮುದುಕಿ ಮುಖದ ಮುಂದೆ ಕೈ ಬೀಸಿಕೊಂಡು ಬೇಡ ಬೇಡ ಎಂದಳು.

"ಅವರ ನೌಕರಿ ಹೋಗತ್ತೆ, ಬಿಡೇ. ಇನ್ಯಾರಾದ್ರೂ ಸಿಗ್ತಾರೆ" ಎಂದರು ಯಜಮಾನರು.

"ಯಾರ್ ಸಿಗ್ತಾರ್ರೀ? ಹೆಂಗಸಾಗಿರ್ಬೇಕು, ನನಗಿಂತ ದೊಡ್ಡೋರಾಗಿರ್ಬೇಕು."

ಮುದುಕಿ ನನ್ನನ್ನೇ ನೋಡುತ್ತಿದ್ದಳು. ಗೋಡೆಯ ಮೇಲೆ ಊಟದ ಚಿತ್ರಕ್ಕೆ ಕೆಂಪು ಗೀಟು ಹಾಕಿದ್ದ ಬೋರ್ಡನ್ನು ತೋರಿಸಿದಳು. ಆಮೇಲೆ ಗಡಿಯಾರದ ಹನ್ನೆರಡನ್ನು, ಆಮೇಲೆ ಬಾಗಿಲಾಚೆಯ ಬೆಂಚನ್ನು ತೋರಿಸಿದಳು.

ಹನ್ನೆರಡರವರೆಗೆ ನಾನು ಆ ಬೆಂಚಿನಿಂದ ಏಳಲಿಲ್ಲ. ಎದುರಿಗೆ ಸಮುದ್ರ, ಪಕ್ಕದಲ್ಲಿ ಒಂದು ಕಲ್ಲು, ಕಲ್ಲಿನ ಮುಂದೆ ಹೂವು. ಯಜಮಾನರು ಅಲ್ಲಿದ್ದ ಬೋರ್ಡ್ ಓದಿ ಬಂದು, "ನಾನು ತಮಾಷೆಗೆ ಅಂದೆ. ಇವರು ನಿಜವಾಗ್ಲೂ ಮಾಡ್ತಾರಂತೆ. ಹಿಡಿದ ತಿಮಿಂಗಿಲಗಳಿಗೆ ಈ ಕಲ್ಲು. ವರ್ಷಕ್ಕೊಂದು ಸಲ ಭಿಕ್ಷುಗಳು ಬಂದು ಮಂತ್ರ ಹೇಳ್ತಾರೆ" ಎಂದರು.

ಮುದುಕಿ ತನ್ನ ಊಟದ ಡಬ್ಬಿ ಹಿಡಿದು ಬಂದಳು. ತಲೆಯ ಬಟ್ಟೆ ಬಿಚ್ಚಿ, ಕೈ ಒರೆಸಿಕೊಂಡು, ಪೊಟ್ಟಣ ಬಿಡಿಸಿ ಮೂಸಿ ನೋಡಿದಳು. ಒಂದು ತುತ್ತು ತಿಂದು ತಡೆದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ನೀರು ಕುಡಿದಳು, ಮತ್ತೆ ತಿಂದಳು. ಮೊದಲನೆಯದು ಮುಗಿದಾಗ ಎರಡನೆಯದನ್ನು ಮುಂದಿಟ್ಟೆ. ಅದರಲ್ಲಿ ಅರ್ಧ ತಿಂದು ಹೊಟ್ಟೆ ಸವರಿ ತೋರಿಸಿದಳು.

ಆಮೇಲೆ ತನ್ನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ಬಿಳಿ ಅನ್ನ, ಕಪ್ಪಗೆ ಹುರಿದ ಮಾಂಸದ ತುಂಡುಗಳು, ಒಂದು ಮೂಲೆಯಲ್ಲಿ ಬೇರೆ ಪುಟ್ಟ ಬಟ್ಟಲಿನಲ್ಲಿ ಉಪ್ಪಿನಲ್ಲಿಟ್ಟ ಕೆಂಪಗಿನ ಕಾಯಿ. ಮಾಂಸ ಯಾವುದರದೆಂದು ನಾನು ಕೇಳಲಿಲ್ಲ. ಉಂಡವಳು ಕೊಟ್ಟಿದ್ದನ್ನು ಬೇಡ ಎನ್ನುವುದೂ ಸರಿಯಲ್ಲ. ಬಟ್ಟಲಿನ ಕಾಯಿಯನ್ನು ತೋರಿಸಿದೆ. ಅವಳು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಹುಳಿ ಉಪ್ಪು ಎರಡೂ ಜೋರು, ನಮ್ಮ ಮನೆಯ ಹಳೇ ನಿಂಬೆ ಉಪ್ಪಿನಕಾಯಿಯ ಹಾಗೆ. ಅದನ್ನು ನಂಚಿಕೊಂಡು, ಉಳಿದ ಒಂದೂವರೆ ಪೊಟ್ಟಣವನ್ನು ನಾವು ಮೂವರೂ ಹಂಚಿ ಉಂಡೆವು.

ಮಾರನೆಯ ಬೆಳಿಗ್ಗೆ ಗುರುವಾರಕ್ಕೊಂದು, ಶುಕ್ರವಾರಕ್ಕೊಂದು, ಒಟ್ಟಿಗೆ ಎರಡು ಗೆರೆ ಎಳೆದೆ.

ಮರುವರ್ಷ ನೋವೈಯಲ್ಲಿ ಕ್ಯಾಂಟನ್ನಿನ ಆಂಟಿಗೆ ಬಡಿಸುತ್ತಾ ಇದನ್ನೆಲ್ಲ ಹೇಳಿದೆ. ಮಡಿ ಇರಲಿಲ್ಲ, ಎಲೆಯಿಲ್ಲ, ಪಾಯಸವಿಲ್ಲ, ಪಕ್ಕದಲ್ಲೇ ಮಾಂಸದ ಡಬ್ಬಿ ಎಂದೂ ಹೇಳಿದೆ. ಅವರು, "ಆಕೆ ಹೊಟ್ಟೆ ತುಂಬ ಉಂಡ್ರಾ?" ಎಂದಷ್ಟೇ ಕೇಳಿದರು. ಉಂಡರು ಎಂದೆ.

"ಮತ್ತೇನಮ್ಮ" ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡರು.